ನಡುವಿನ ಫ್ರೇಮು

ಮಾರ್ಚ್ 4, ಬೆಳಿಗ್ಗೆ
ಬಾಗಿಲು ಹಾಕಿದೆನಾ? ಹಾಕಿದ್ದೆ. ಆದರೂ ಬಸ್‌ಸ್ಟಾಪಿನಿಂದ ವಾಪಸ್ ಹೋಗಿ ಬೀಗ ಜಗ್ಗಿ ನೋಡಿ ಬಂದೆ. ಅವಳಿದ್ದಿದ್ದರೆ ನಗುತ್ತಿದ್ದಳು.

ಆಸ್ಪತ್ರೆ ಕೆಲಸ ಶುರು. ಅದೂ ನನ್ನ ಹೆಂಡತಿ ಇರುವ ವಾರ್ಡಿಗೇ! ಎದೆಯ ಅಂಟುರೋಗ, ಯಾರನ್ನೂ ಒಳಗೆ ಬಿಡುವುದಿಲ್ಲ. ಈಗ ಗೋಡೆ ಒಡೆದು ಕರೆಂಟಿನ ಗಾಜು ಹಾಕುತ್ತಾರೆ, ಕೆಲಸ ಮುಗಿಯುವ ತನಕ ಪ್ಲೈವುಡ್ ಅಡ್ಡ. ಸ್ವಿಚ್ ಹಾಕಿದರೆ ಆಚೆ ಕಾಣುತ್ತದೆ, ಆರಿಸಿದರೆ ಹಾಲಿನ ಹಾಗೆ ಬೆಳ್ಳಗೆ. ಮೂರು ಕಬ್ಬಿಣದ ಫ್ರೇಮು. ನಡುವೆ ರಬ್ಬರು, ಒಂದಕ್ಕೊಂದು ತಾಗುವುದಿಲ್ಲ. ಅರ್ತಿಂಗ್ ನನ್ನ ಪಾಲಿಗೆ. ಗಾಜಿನ ವೈರ್ ಎಲ್ಲಾದರೂ ಸುಲಿದು ಫ್ರೇಮಿಗೆ ತಾಗಿದರೆ ಕರೆಂಟು ನನ್ನ ಹಸಿರು ವೈರ್ ಹಿಡಿದು ನೆಲಕ್ಕೆ ಇಳಿಯಬೇಕು. ಇಲ್ಲವಾದರೆ ಮುಟ್ಟಿದವರ ಮೈಗೆ.

ಮುಟ್ಟುವವಳು ಅವಳು. ಎಲ್ಲಿ ನಿಂತರೂ ಒರಗುತ್ತಾಳೆ...

ಮಾರ್ಚ್ 5
ಪೇಂಟ್ ಕರೆಂಟು ದಾಟಲು ಬಿಡುವುದಿಲ್ಲ, ಅದರ ಮೇಲೆ ವೈರ್ ಬಿಗಿದರೆ ಬಿಗಿದೂ ದಂಡ. ಮೂರೂ ಫ್ರೇಮಿನಲ್ಲಿ ಕೆರೆದು, ಕಬ್ಬಿಣ ಹೊಳೆಯುವ ತನಕ ಉಜ್ಜಿದೆ.

ಫೋನ್ ಮಾಡಿದಳು. ಅವಳದು ಬಟನ್ ಫೋನು, ದನಿ ಮಾತ್ರ.
"ಪ್ಲೈವುಡ್ ಆ ಕಡೆ ಕೆರೀತಿರೋದು ನೀವೇನಾ?"
"ನಾನೇ. ಊಟ ಆಯ್ತಾ? ಜ್ವರ ಇದೆಯಾ? ಕಿಟಕಿ ಹಾಕ್ಕೊಂಡಿದ್ದೀಯಾ?"
"ಒಂದೊಂದೇ ಕೇಳಿ, ಉಸಿರು ಸಾಲಲ್ಲ ನಂಗೆ."
ನಕ್ಕಳು. ಕೆಮ್ಮು ಬಂತು.

ಮಾರ್ಚ್ 7
ನಿನ್ನೆ ಬೇರೆ ಮಹಡಿಗೆ ಹಾಕಿದ್ದರು. ಇವತ್ತು ಹಸಿರು ವೈರ್ ಬಿಗಿಯುತ್ತಿದ್ದೆ — ಪ್ಲೈವುಡ್ ಆಚೆಯಿಂದ ಟಕ್ ಟಕ್. ಉಂಗುರದಲ್ಲಿ ತಟ್ಟುತ್ತಿದ್ದಾಳೆ! ಸ್ಕ್ರೂಡ್ರೈವರ್ ಹಿಡಿಯಲ್ಲಿ ನಾನೂ ತಟ್ಟಿದೆ.

ಬೆರಳು ಸಣ್ಣಗಾಗಿ ಉಂಗುರ ಜಾರುತ್ತದಂತೆ. ದಾರ ಸುತ್ತಿಕೊಂಡಿದ್ದಾಳಂತೆ. ಎಷ್ಟು ಸೊರಗಿದ್ದಾಳೋ... ಉಳಿದದ್ದು ಹೇಗೆ ಬಿಗಿದೆನೋ, ಕೈಗೇ ಗೊತ್ತು.

ಮಾರ್ಚ್ 11, ಸಂಜೆ
ಇವತ್ತು ಸ್ವಿಚ್ ಹಾಕಬೇಕಿತ್ತು. ಪ್ಲೈವುಡ್ ತೆಗೆದರು. ಬೆಳ್ಳನೆ ಗಾಜಿನಾಚೆ ಒಂದು ನೆರಳು. ಅವಳೇ. ಮಧ್ಯಾಹ್ನದಿಂದ ತಲೆ ಬಾಚಿಕೊಂಡು ಕೂತಿದ್ದಳಂತೆ, ನರ್ಸಮ್ಮ ಹೇಳಿದರು.

"ಹಾಕ್ಲಾ?" ಅಂದರು ಇಂಜಿನಿಯರ್.
"ಒಂದು ನಿಮಿಷ ಸಾರ್."
ಮೀಟರ್ ಇಟ್ಟೆ, ವೈರ್ ಕಬ್ಬಿಣಕ್ಕೆ ಕೂಡಿದ್ದರೆ ಬೀಪ್ ಅನ್ನಬೇಕು. ಎಡದ್ದು ಬೀಪ್ ಅಂದಿತು. ಬಲದ್ದೂ ಅಂದಿತು. ನಡುವಿನದು ತೆಪ್ಪಗೆ.

ಪೇಂಟರ್ ತಲೆ ಕೆರೆದುಕೊಂಡ. "ಅಲ್ಲಣ್ಣ, ನಡುವಿಂದು ಎದುರಿಗಿರೋ ಫ್ರೇಮು, ನೀನು ಕೆರೆದದ್ದು ಇಲಿ ಕಡಿದ ಹಾಗೆ ಕಾಣ್ತಿತ್ತು. ನೀನು ಬೇರೆ ಮಹಡಿಗೆ ಹೋದ ದಿನ ಒಂದು ಕೈ ಬಳಿದೆ. ಅಲ್ಲಿ ವೈರ್ ಬರುತ್ತೆ ಅಂತ ನಂಗೇನು ಗೊತ್ತು?"
"ನಿನ್ನ ಅಂದಕ್ಕಿಷ್ಟು ಬೆಂಕಿ ಹಾಕ!"
ಬಿಗಿಯುವಾಗ ನಾನಾದರೂ ನೋಡಿದೆನಾ? ಕಿವಿ ಪ್ಲೈವುಡ್‌ನಲ್ಲಿತ್ತು.

ಇಂಜಿನಿಯರ್ ನನ್ನ ಮುಖ ನೋಡಿದರು. "ಆಚೆ ಇರೋದು ನಿನ್ನ ಹೆಂಡತಿ ತಾನೇ? ಐದು ನಿಮಿಷ ಹಾಕಿ ತೆಗೀಲಾ?"
ನೆರಳು ಕೈ ಎತ್ತಿತು. ಫ್ರೇಮಿನ ಕಡೆಗೇ.
"ಬೇಡ ಸಾರ್. ಬೇಡ."

ಗಾಜು ಇಳಿಸಿ, ಕೆರೆದು, ಮತ್ತೆ ಕೂರಿಸಿ, ಅಂಟು ಒಣಗಬೇಕು. ಫೋನಲ್ಲಿ ಹೇಳಿದೆ.
"ಬೀಗ ಜಗ್ಗೋ ಗಂಡ," ಅಂದಳು. "ಇನ್ನೊಂದ್ಸಲ ತಲೆ ಬಾಚ್ಕೋಬೇಕಾ ನಾನು?"

ಮಾರ್ಚ್ 16
ಫೋನ್ ಎತ್ತುತ್ತಿಲ್ಲ. ಜ್ವರ ಏರಿದೆ, ಎದ್ದು ಕೂರಲಾಗುತ್ತಿಲ್ಲವಂತೆ. ಮೀಟರ್ ಈಗ ಮೂರಕ್ಕೂ ಬೀಪ್ ಅನ್ನುತ್ತದೆ. ಆಚೆ ನೆರಳಿಲ್ಲ.
ಅವತ್ತೇ ಆ ಐದು ನಿಮಿಷ...

ಮಾರ್ಚ್ 19, ಬೆಳಿಗ್ಗೆ
ಜ್ವರ ಇಳಿದಿದೆ. ಗಾಲಿಕುರ್ಚಿಯಲ್ಲಿ ಕರೆತರುತ್ತಾರಂತೆ. ಸ್ವಿಚ್ ನನ್ನ ಕೈಗೇ ಬಿಟ್ಟಿದ್ದಾರೆ. ಅವಳು ಬರುವ ತನಕ ಟೂಲ್ ಬಾಕ್ಸ್ ಮೇಲೆ ಕೂತು ಗೀಚುತ್ತಿದ್ದೇನೆ. ಮೀಟರ್ ಇಟ್ಟು ನೋಡಿದೆ. ಮತ್ತೆ ನೋಡಿದೆ. ಸರಿ ಇದೆ. ಶರ್ಟಿನ ಗುಂಡಿ ಸರಿ ಇದೆ. ಏನು ಮಾತಾಡಲಿ? ಊಟ ಆಯ್ತಾ ಅಂತ ಮಾತ್ರ ಕೇಳಬಾರದು.

ಗಾಲಿ ಉರುಳುವ ಸದ್ದು... ನೆರಳು ಬಂತು. ಪುಟ್ಟದಾಗಿದೆ. ಒರಗಿತು, ನಡುವಿನ ಫ್ರೇಮಿಗೇ. ಟಕ್ ಟಕ್ — ಕಬ್ಬಿಣದ ಮೇಲೆ ಉಂಗುರ. ಬಂದೆ ಕಣೇ, ಸ್ವಿಚ್ ಹಾ—