ಹುಲಿಗೆವ್ವನ ಎರಡನೇ ಫೋಟೋ

ರೋಣ
ಫೆಬ್ರವರಿ ಮೂವತ್ತು, ೨೧೫೩

ಫೋಟೋಗ್ರಾಫರ್ ಯಮನೂರಪ್ಪನವರಿಗೆ ಹೊನ್ನಕ್ಕನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ಪಂಚಾಂಗ ತಿದ್ದಿ ಫೆಬ್ರವರಿಗೂ ಅದರ ಪಾಲಿನ ದಿನ ಕೊಟ್ಟು ನಲವತ್ತು ವರ್ಷವಾಯಿತು. ಮಾತಿನ ನಡುವೆ ನಿಮಗೆ ತಿಳಿಯದ ಪದ ನುಸುಳಿದರೆ ಮನ್ನಿಸಿ. ನೀವು ನನಗಿಂತ ನೂರು ವರ್ಷಕ್ಕೂ ಹಿರಿಯರು. ಆದರೂ ನಿಮ್ಮನ್ನು ಬಾಯಿತುಂಬ ಬೈಯಬೇಕೆಂದು ಮೂರು ವರ್ಷ ಹಲ್ಲು ಕಚ್ಚಿಕೊಂಡಿದ್ದೆ. ಈಗ ಆ ಸಿಟ್ಟು ಉಳಿದಿಲ್ಲ.

ನಮ್ಮಲ್ಲಿ ಮನೆಮನೆಗೂ ಕುಲಪೆಟ್ಟಿಗೆ ಇದೆ. ಬೇಳೆ ಡಬ್ಬಿಯಷ್ಟು ದೊಡ್ಡದು, ಅಡುಗೆಮನೆಯ ಗೂಡಿನಲ್ಲಿ ಕೂತಿರುತ್ತದೆ. ಹಿಂದಿನವರ ಫೋಟೋ, ಅದರ ಬೆನ್ನಿಗೆ ಬರೆದ ಮಾತು, ಆಸ್ಪತ್ರೆ ಚೀಟಿ ಎಲ್ಲವನ್ನೂ ಓದಿಕೊಂಡು, ವಂಶದಲ್ಲಿ ಯಾವ ಕಾಯಿಲೆ ಹರಿದು ಬಂದಿದೆ ಎಂದು ಹೇಳುತ್ತದೆ. ಮದುವೆಯಾದ ಹೊಸದರಲ್ಲಿ ಅರಿಸಿನ ಕುಂಕುಮ ಹಚ್ಚಿ ಅದನ್ನು ಕೇಳುವುದು ವಾಡಿಕೆ. ಮಗಳು ತುಂಗೆಯೂ ಕೇಳಿದಳು. ಪೆಟ್ಟಿಗೆ ನನ್ನ ಮುತ್ತಜ್ಜಿಯ ತಾಯಿ ಹುಲಿಗೆವ್ವನ ಫೋಟೋ ತೋರಿಸಿತು. ಊರೂರು ತಿರುಗುವ ಆಟದ ಕಂಪನಿಯ ನಾಗಕನ್ಯೆ ಅವಳು: ಮೇಜಿನ ಮೇಲೆ ಹೆಣ್ಣಿನ ತಲೆ, ಕತ್ತಿನ ಕೆಳಗೆ ಸುರುಳಿ ಸುತ್ತಿದ ಹಾವು. ಬೆನ್ನಿಗೆ ಅವಳಾಡಿದ ಮಾತು, ನಿಮ್ಮ ದುಂಡು ಅಕ್ಷರದಲ್ಲಿ: "ಹುಟ್ಟಿದಾಗಿಂದ ಕಾಲಿಲ್ರೀ. ನಾಗಪ್ಪನ ಶಾಪ. ನಮ್ಮ ವಂಶದಾಗ ಏಳು ತಲಿಮಾರಿಗೊಮ್ಮೆ ಹಿಂಗ ಹುಟ್ಟತೈತಿ." ಹುಲಿಗೆವ್ವನಿಂದ ಎಣಿಸಿದರೆ ತುಂಗೆಗೆ ಹುಟ್ಟುವ ಮಗುವೇ ಏಳನೆಯದು.

ಪೆಟ್ಟಿಗೆ ಹಾವಿನ ಮೈಯನ್ನು ನಂಬಲಿಲ್ಲ, ಕಾಲಿಲ್ಲದ್ದನ್ನು ಮಾತ್ರ ನಂಬಿತು. ಐದು ತಲೆಮಾರು ನಾವೆಲ್ಲ ಓಡಾಡಿಕೊಂಡಿದ್ದೇವಲ್ಲ ಎಂದರೆ, ಸರದಿ ಇನ್ನೂ ಬಂದಿಲ್ಲ ಎಂದಿತು. ಕಾಲಿಲ್ಲದವರು ನಮ್ಮೂರಲ್ಲಿ ಬೇಕಾದಷ್ಟು ಜನ ಸುಖವಾಗಿದ್ದಾರೆ. ಮಗಳನ್ನು ಹೆದರಿಸಿದ್ದು ಶಾಪವೆಂಬ ಮಾತು. "ಬ್ಯಾಡ ಬಿಡವ್ವಾ, ಶಾಪ ಹೊತ್ತ ಕೂಸನ್ನ ನಾ ಹಡಿಯಂಗಿಲ್ಲ" ಎಂದವಳು ಮೂರು ವರ್ಷ ತೊಟ್ಟಿಲಿನ ಮಾತೆತ್ತಲು ಬಿಡಲಿಲ್ಲ.

ಹೋದ ಯುಗಾದಿಗೆ ನಿಮ್ಮ ಮನೆತನದವರು ಹಳೆಯ ಮದುವೆ ಆಲ್ಬಮ್ ಬಿಚ್ಚಿದರು. ಯಾವನೋ ಮದುಮಗನ ಫೋಟೋದ ಹಿಂದೆ ಇನ್ನೊಂದು ಅಂಟಿಕೊಂಡಿತ್ತು. ಬೆನ್ನಿಗೆ ನೀವು ಬರೆದಿಟ್ಟ ಹೆಸರುಗಳನ್ನು ನೋಡಿ ನಮಗೆ ತಂದುಕೊಟ್ಟರು. ಡೇರೆಯ ಹಿಂಬದಿಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಹುಲಿಗೆವ್ವ ಕೂತಿದ್ದಾಳೆ. ಎರಡೂ ಕಾಲು ಚಾಚಿದ್ದಾಳೆ. ಸಾವಿನ ಬಾವಿಯಲ್ಲಿ ಬೈಕ್ ಓಡಿಸುವ ಶಾಕೀರಾ ಅವಳ ಪಾದ ತಿಕ್ಕುತ್ತಿದ್ದಾಳೆ. ಬೆಂಕಿ ನುಂಗುವ ರಾಜೇಸಾಬ್ ಬಿಸಿ ಚಹಾ ಊದಿ ಊದಿ ಕುಡಿಯುತ್ತಿದ್ದಾನೆ. ಬೆನ್ನಿಗೆ ಅವಳದೇ ಮಾತು: "ಮೇಜಿನ ಕೆಳಗಿನ ಪೆಟಿಗ್ಯಾಗ ಮಡಚಿ ಕುಂತು ಕಾಲು ಜೋಮು ಹಿಡದಾವ್ರೀ. ಪರದೆ ಎದ್ದಾಗ ಯಾರ ಏನ ಕೇಳಿದ್ರೂ ನಾವು ಆಟದ ಮಾತಷ್ಟ ಆಡಬೇಕು, ಅದು ಕಂಪನಿ ನೇಮ. ಖರೇ ಬೇಕಂದ್ರ ಪರದೆ ಬಿದ್ದ ಮ್ಯಾಲೆ ಕೇಳ್ರಿ. ಈ ಫೋಟೋ ಮಾತ್ರ ಯಾರಿಗೂ ತೋರಸಬ್ಯಾಡ್ರಿ."

ತುಂಗೆ ಮೊದಲು ನಕ್ಕಳು, ನಗುತ್ತಲೇ ಅತ್ತಳು. ನಾನು ಕುಲಪೆಟ್ಟಿಗೆಯ ಮುಂದೆ ಕೂತು ಅದಕ್ಕೂ ನಿಮಗೂ ಕೂಡಿಯೇ ಒಂದಷ್ಟು ಬೈದೆ. ಆಮೇಲೆ ಎದೆ ಎಷ್ಟು ಹಗುರಾಯಿತೆಂದರೆ ಅಂದು ಹೋಳಿಗೆಯ ಮೇಲೆ ಹೋಳಿಗೆ ತಿಂದೆ.

ನಮ್ಮ ಕಾಲದ ಅಂಚೆ ಹಿಂದಿನ ಕಾಲಕ್ಕೂ ಹೋಗುತ್ತದೆ. ಈ ಪತ್ರ ನಿಮ್ಮ ಕೈ ಸೇರುವುದು ಮೊದಲ ಫೋಟೋ ತೆಗೆದ ದಿನವೇ. ಆಟ ನೋಡುವವರು ಕಡಿಮೆಯಾಗಿ ಕಂಪನಿ ನಾಳೆ ಡೇರೆ ಕೀಳುತ್ತದೆ, ಮತ್ತೆಲ್ಲೂ ಹೂಡುವುದಿಲ್ಲ. ನಾಗಕನ್ಯೆ ಸಿಕ್ಕಳಲ್ಲ, ಸಾಕು ಎಂದು ಕ್ಯಾಮೆರಾ ಮುಚ್ಚಬೇಡಿ. ಪರದೆ ಬೀಳುವವರೆಗೆ ಕಾಯ್ದು ಹಿಂಬದಿಗೆ ಹೋಗಿ. ಅವಳಿಗೆ ಮಾತು ಕೊಟ್ಟಂತೆ ಫೋಟೋ ಬಚ್ಚಿಡಿ, ನಾವು ಹುಡುಕಿಕೊಳ್ಳುತ್ತೇವೆ.

ಹುಲಿಗೆವ್ವನ ಕಿವಿಯಲ್ಲಿ ಮಾತ್ರ ಇಷ್ಟು ಹೇಳಿ: ನಿನ್ನ ಏಳನೆಯ ತಲೆಮಾರಿಗೆ ಈಗ ಆರು ತಿಂಗಳು. ಹೊಟ್ಟೆಯೊಳಗಿನಿಂದಲೇ ತಾಯಿಗೆ ಒಂದು ಗಳಿಗೆ ನೆಮ್ಮದಿ ಕೊಡದೆ ಒದೆಯುತ್ತಿದೆ, ಎರಡೂ ಕಾಲಿನಿಂದ.