ಗುಂಡಿ ಒತ್ತಿದವನು

ಸ್ಯಾಂಡ್‌ಬಿ, ಟೀಸ್ ನದಿಯ ದಂಡೆ
೨೨ ಜನವರಿ ೨೦೨೩

ಪ್ರೀತಿಯ ತಮ್ಮ ಕಾಲಿನ್,

ನೀನು, ಮರ್ಲಿನ್, ಮೊಮ್ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕ್ರಿಸ್‌ಮಸ್ ಕಾರ್ಡು ಬಂತು. ಡಿಸೆಂಬರಿನಲ್ಲಿ, ನಿಮ್ಮ ಕಡೆಯ ಬೇಸಿಗೆಯಲ್ಲಿ, ಚಡ್ಡಿ ಹಾಕಿಕೊಂಡು ಅಂಗಳದಲ್ಲಿ ಮಾಂಸ ಸುಡುತ್ತಿರುವ ನಿನ್ನ ಫೋಟೊ ನೋಡಿ ಒಬ್ಬಳೇ ನಕ್ಕೆ. ಇಲ್ಲಿ ಕಿಟಕಿಯ ಒಳಗಡೆಯೂ ಹಿಮ ಕಟ್ಟಿದೆ. ಉತ್ತರ ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೂ ‘ಎಲ್ಲ ಸರಿಯಾಗಿದೆ’ ಎಂದು ಬೇಗ ಬೇಗ ಇಟ್ಟುಬಿಟ್ಟೆ. ಮಾಲ್ಕಮ್ ಯಾವಾಗಲೂ ಪಕ್ಕದಲ್ಲೇ ಕುಳಿತಿರುತ್ತಾನೆ. ಅವನ ಎದುರಿಗೆ ಹೇಳಲಾಗದ್ದು ಬಹಳ ಇದೆ. ಈಗ ಅವನಿಗೆ ನಿದ್ದೆ ಹತ್ತಿದೆ, ಅಡುಗೆಮನೆಯ ಮೇಜಿನ ಮುಂದೆ ಕುಳಿತು ಬರೆಯುತ್ತಿದ್ದೇನೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಕ್ರಿಸ್‌ಮಸ್ಸಿಗೆ ಮುಂಚಿನ ವಾರ ನಿನ್ನ ಭಾವ ಮಾಲ್ಕಮ್‌ಗೆ ಪಾರ್ಶ್ವವಾಯು ಹೊಡೆಯಿತು. ಗಾಬರಿಯಾಗಬೇಡ, ಜೀವಕ್ಕೆ ಅಪಾಯವಿಲ್ಲ. ಎಡಗೈ ಸ್ವಾಧೀನದಲ್ಲಿಲ್ಲ. ಕೋಲು ಹಿಡಿದು ಬಚ್ಚಲಿನವರೆಗೆ ಹೋಗುತ್ತಾನೆ. ಮಾತು ಮರಳಿದೆ. ಹೊಸ ವರ್ಷ ಕಳೆದ ಮೇಲೆ ಮನೆಗೆ ಕಳುಹಿಸಿದರು.

ನಮ್ಮ ಉಕ್ಕಿನ ಕಾರ್ಖಾನೆಯ ಕುಲುಮೆ ಕೆಡವಿದ್ದನ್ನು ಫೋನಿನಲ್ಲಿ ನೋಡಿದೆ ಎಂದೆಯಲ್ಲ, ಕಣ್ಣಲ್ಲಿ ನೀರು ಬಂತು ಎಂದೆ. ಆ ವೀಡಿಯೊದಲ್ಲಿ ವೇದಿಕೆ ಕಾಣುವುದಿಲ್ಲ. ವೇದಿಕೆಯ ಮೇಲೆ ಆದದ್ದನ್ನು ನಾನು ಹೇಳಬೇಕು.

ನಮ್ಮ ಮಗ ಕ್ರೇಗ್ ಅದನ್ನು ಕೆಡವುವ ಗುತ್ತಿಗೆದಾರರ ಹತ್ತಿರ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತಿಲ್ಲ. ಕಾರ್ಖಾನೆ ಮುಚ್ಚಿದ ದಿನ ಅಪ್ಪನೂ ಮಗನೂ ಒಂದೇ ಗೇಟಿನಿಂದ ಹೊರಗೆ ಬಂದವರು. ಅಪ್ಪನಿಗೆ ಪಿಂಚಣಿಯಾದರೂ ಇತ್ತು. ಮಗ ಗೋದಾಮಿನಲ್ಲಿ ಡಬ್ಬ ಎತ್ತಿದ, ರಾತ್ರಿಪಾಳಿಯ ಕಾವಲು ಕಾದ, ವ್ಯಾನಿನಲ್ಲಿ ಜನರ ಮನೆಗೆ ದಿನಸಿ ಹಾಕಿದ. ಯಾವುದೂ ನಿಲ್ಲಲಿಲ್ಲ. ಕಡೆಗೆ ಕಬ್ಬಿಣ ಕತ್ತರಿಸುವ ಕೆಲಸ ಸಿಕ್ಕಿತು, ಅದೂ ತಾನು ದುಡಿದ ಜಾಗದಲ್ಲೇ. ಮನೆಗೆ ಬಂದು ಅಪ್ಪನ ಮುಂದೆ ನಿಂತು ಹೇಳಿದ. ಮಾಲ್ಕಮ್ ಚಹಾದ ಬಟ್ಟಲು ಕೆಳಗಿಟ್ಟು, ‘ಯಾರಾದ್ರೂ ಮಾಡ್ಲೇಬೇಕಲ್ಲಪ್ಪ. ಊರಿನೋರೇ ಮಾಡ್ಲಿ’ ಎಂದ. ಅಷ್ಟರಮಟ್ಟಿಗೆ ಒಪ್ಪಿದ್ದ. ಕ್ರೇಗ್ ಸಂಜೆ ಇಲ್ಲಿಗೇ ಬಂದು ಊಟ ಮಾಡುತ್ತಿದ್ದ, ಯಾವ ಭಾಗ ಇಳಿಸಿದೆವು ಎಂದು ಅಪ್ಪನಿಗೆ ಹೇಳುತ್ತಿದ್ದ. ಇಬ್ಬರೂ ಮನೆಯಲ್ಲಿ ಯಾರೋ ತೀರಿಹೋದ ಹಾಗೆ ಮೆಲ್ಲಗೆ ಮಾತನಾಡುತ್ತಿದ್ದರು.

ನವೆಂಬರ್ ಕೊನೆಯಲ್ಲಿ ದೊಡ್ಡ ಕುಲುಮೆ ಬೀಳಿಸುವ ದಿನ ಬಂತು. ಅದರ ಒಳಗಿನ ಇಟ್ಟಿಗೆ ಕಟ್ಟಿದವರಲ್ಲಿ ನಮ್ಮಪ್ಪನೂ ಒಬ್ಬ ಎಂದು ನಿನಗೆ ಹೇಳಬೇಕಿಲ್ಲ. ಸಮುದ್ರದ ಕಡೆಯ ಮರಳುದಿಣ್ಣೆಯ ಮೇಲೆ ಊರಿಗೆ ಊರೇ ನಿಂತಿತ್ತು. ಕೌನ್ಸಿಲಿನವರು ಎಲ್ಲರ ಕೈಗೂ ದೇಶದ ಒಂದೊಂದು ಪುಟ್ಟ ಬಾವುಟ ಕೊಟ್ಟರು. ಈಗ ಇಲ್ಲಿ ದೀಪದ ಕಂಬಕ್ಕೂ ಬಾವುಟ, ಮೀನಿನಂಗಡಿಗೂ ಬಾವುಟ. ನಾವು ಚಿಕ್ಕವರಿದ್ದಾಗ ರಾಣಿ ಬಂದ ದಿನ ಬಿಟ್ಟರೆ ಯಾರಾದರೂ ಬಾವುಟ ಹಿಡಿದದ್ದು ನೆನಪಿದೆಯೇ ನಿನಗೆ? ಮಾಲ್ಕಮ್ ತೆಗೆದುಕೊಳ್ಳಲಿಲ್ಲ. ಕೊಡಲು ಬಂದ ಹುಡುಗಿ, ‘ಯಾಕೆ ತಾತ, ನೀವು ಇಂಗ್ಲಿಷರಲ್ವಾ?’ ಎಂದು ನಗುತ್ತಾ ಕೇಳಿದಳು. ‘ನಾನು ಯಾರು ಅಂತ ದಿನಾ ಬೆಳಿಗ್ಗೆ ಆರಕ್ಕೆ ಕಾರ್ಖಾನೆ ಸೈರನ್ ಹೇಳ್ತಿತ್ತು ಕಣಮ್ಮ. ಕೈಯಲ್ಲಿ ಹಿಡ್ಕೊಂಡು ತೋರಿಸ್ಬೇಕಾಗಿರ್ಲಿಲ್ಲ’ ಎಂದ. ಅವಳಿಗೆ ಅರ್ಥವಾಗಲಿಲ್ಲ. ಮುಂದೆ ಹೋದಳು.

ನಮ್ಮ ಸಂಸದ ಗ್ರೆಗರಿ ಪೆಲ್ ವೇದಿಕೆ ಹತ್ತಿದ. ಮೊನ್ನೆ ಮೊನ್ನೆ ಪೊಟ್ಟಣದಿಂದ ತೆಗೆದಂತಿದ್ದ ಕಿತ್ತಳೆ ಬಣ್ಣದ ಜಾಕೀಟು, ಗೀರಿಲ್ಲದ ಹೆಲ್ಮೆಟ್ಟು. ಈ ಕುಲುಮೆಯನ್ನು ಕೊಂದದ್ದು ಬ್ರಸೆಲ್ಸಿನಲ್ಲಿ ಕುಳಿತ ಯುರೋಪ್ ಒಕ್ಕೂಟದ ಅಧಿಕಾರಿಗಳು ಎಂದ. ಚೀನಾದವರ ಅಗ್ಗದ ಉಕ್ಕು ಎಂದ. ಹಿಂದೆ ಆಳಿದ ಪಕ್ಷದವರಿಗೆ ಬೆನ್ನುಮೂಳೆ ಇರಲಿಲ್ಲ ಎಂದ. ಕೆಳಗಿನಿಂದ ಎದುರು ಪಕ್ಷದ ಒಬ್ಬಳು ಕೌನ್ಸಿಲರ್, ‘ಎಂಬತ್ತರಲ್ಲಿ ಕತ್ತು ಹಿಚುಕಿದ ಆ ಪ್ರಧಾನಿ ಹೆಂಗ್ಸು ಯಾರ ಪಕ್ಷದೋಳು? ಅದನ್ನೂ ಹೇಳ್ರಿ’ ಎಂದು ಕೂಗಿದಳು. ಇಬ್ಬರಿಗೂ ಚಪ್ಪಾಳೆ ಬಿತ್ತು, ಬಹಳ ಮಂದಿ ಇಬ್ಬರಿಗೂ ತಟ್ಟಿದರು. ಆಮೇಲೆ ಪೆಲ್, ಇನ್ನು ಈ ನೆಲದಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಏಳುತ್ತದೆ ಎಂದು ಸಾರಿ, ‘ಇವರ ತಾತ ಇದನ್ನು ಕಟ್ಟಿದರು, ಇವರ ತಂದೆ ಇದರಲ್ಲಿ ದುಡಿದರು, ಇವರು ಹೊಸ ಯುಗಕ್ಕೆ ದಾರಿ ಮಾಡಿಕೊಡುತ್ತಾರೆ’ ಎಂದು ಕ್ರೇಗ್‌ನನ್ನು ಮೇಲಕ್ಕೆ ಎಳೆದುಕೊಂಡ.

ಕ್ರೇಗ್‌ಗೂ ಮುಂಚೆ ಗೊತ್ತಿರಲಿಲ್ಲ. ಬೆಳಿಗ್ಗೆ ಮೇಸ್ತ್ರಿ ಬಂದು, ನೀನು ಸ್ವಲ್ಪ ಹೊತ್ತು ಅಲ್ಲಿ ನಿಲ್ಲಬೇಕು ಎಂದಿದ್ದನಂತೆ, ಅಷ್ಟೇ. ಮುಖವೆಲ್ಲ ಕೆಂಪಾಗಿ ಜನರ ನಡುವೆ ನಮ್ಮನ್ನು ಹುಡುಕುತ್ತಿದ್ದ. ಪೆಲ್ ಅವನ ಹೆಗಲ ಮೇಲೆ ಕೈಹಾಕಿ, ಅವನ ಬೆರಳನ್ನು ಸಿಡಿಮದ್ದಿನ ಗುಂಡಿಯ ಮೇಲೆ ಇಡಿಸಿದ. ಎಲ್ಲರೂ ಸೇರಿ ಎಣಿಸಿದರು. ಕ್ರೇಗ್ ಒತ್ತಿದ.

ಸದ್ದು ಆಮೇಲೆ ಬಂತು. ಮೊದಲು ಕುಲುಮೆಯ ಕಾಲುಗಳು ಮಡಿಚಿಕೊಂಡವು, ದಣಿದ ದನ ಮಲಗುವ ಹಾಗೆ ಅದು ಒಂದು ಪಕ್ಕಕ್ಕೆ ಒರಗಿತು. ಹುಡುಗರು ಕೇಕೆ ಹಾಕಿದರು. ಧೂಳು ನಮ್ಮ ಕಡೆಗೇ ಬಂದು ಬಾಯೊಳಗೆ ಹೋಯಿತು. ಮಾಲ್ಕಮ್ ಆಗಲೇ ವೇದಿಕೆಯ ಕಡೆ ಹೆಜ್ಜೆ ಹಾಕಿದ್ದ. ಅಪ್ಪ ಮಗನ ಕೈಕುಲುಕಲು ಹೋಗುತ್ತಿದ್ದಾನೆಂದು ಜನ ದಾರಿ ಬಿಟ್ಟರು, ಫೋಟೊದವನು ಕೂಡ ಓಡಿಬಂದ.

‘ಅವರು ಲಂಡನ್ನಲ್ಲಿ ಕೂತ್ಕೊಂಡು ಮಾಡಿದ್ದನ್ನ ಕೊನೇಲಿ ನಿನ್ನ ಬೆರಳಲ್ಲಿ ಮಾಡಿಸಿದ್ರಲ್ಲೋ’ ಎಂದ ಮಾಲ್ಕಮ್. ‘ನಾಳೆ ಕೇಳಿದ್ರೆ ಏನಂತಾರೆ ಗೊತ್ತಾ? ನಾವಲ್ಲ, ಅವರೇ ಬೀಳಿಸ್ಕೊಂಡ್ರು ಅಂತಾರೆ.’

‘ಅಪ್ಪಾ, ಅದು ಸತ್ತು ಏಳು ವರ್ಷ ಆಗಿತ್ತು. ನಾನು ಮಣ್ಣು ಮಾಡ್ದೆ, ಅಷ್ಟೆ.’

‘ಮಣ್ಣು ಮಾಡೋರು ಕೊಂದೋರ ಜೊತೆ ನಿಂತು ಫೋಟೊ ತೆಗೆಸ್ಕೊಳಲ್ಲ.’

ಪೆಲ್ ಏನೂ ಕೇಳಿಸದವನ ಹಾಗೆ ಬೇರೆ ಯಾರದೋ ಕೈಕುಲುಕುತ್ತಿದ್ದ.

ಮಾಲ್ಕಮ್ ಹೇಳಿದ್ದೇ ಆಯಿತು, ಕಾಲಿನ್. ಡಿಸೆಂಬರ್ ಶುರುವಿನಲ್ಲಿ ಆ ರೆಕ್ಕೆಯ ಕಾರ್ಖಾನೆ ಬೇರೆ ದೇಶಕ್ಕೆ ಹೋಯಿತೆಂದು ರೇಡಿಯೊದಲ್ಲಿ ಬಂತು. ಪೆಲ್ ತನ್ನ ಸಿಟ್ಟನ್ನು ಲಂಡನ್ನಿನಿಂದಲೇ ಪತ್ರಿಕೆಗೆ ತಿಳಿಸಿದ. ಊರಿನವರಿಗೆ ಲಂಡನ್ ಕೈಗೆಟುಕುವುದಿಲ್ಲ. ಕ್ರೇಗ್ ಕೈಗೆಟುಕುವಷ್ಟು ಹತ್ತಿರ ಇದ್ದ. ಅವನ ವ್ಯಾನಿನ ಪಕ್ಕಕ್ಕೆ ಯಾರೋ ಬಿಳಿ ಬಣ್ಣದಲ್ಲಿ ‘ದ್ರೋಹಿ’ ಎಂದು ಬರೆದರು. ಅವನ ಹೆಂಡತಿ ಲೀಯಾನ್ ಅಂಗಡಿಗೆ ಹೋದರೆ, ‘ನಿನ್ನ ಗಂಡನ್ನ ಕೇಳಮ್ಮ, ಇನ್ನೇನೇನು ಬೀಳಿಸೋದಿದೆ ಅಂತ’ ಎಂದು ಚುಚ್ಚುತ್ತಿದ್ದರು. ಅಂದು ಚಪ್ಪಾಳೆ ತಟ್ಟಿದವರೇ ಇವರು. ನಾನು ಕಣ್ಣಾರೆ ನೋಡಿದ್ದೇನೆ.

ಮಾಲ್ಕಮ್‌ಗೂ ನೆಮ್ಮದಿ ಇರಲಿಲ್ಲ. ಕಾರ್ಮಿಕರ ಕ್ಲಬ್ಬಿನಲ್ಲಿ ಡೆನಿಸ್ ಕಾಕ್ಸನ್ ಸಿಕ್ಕಿದ್ದ, ನಿನ್ನ ಜೊತೆ ಕ್ರೇನ್ ಓಡಿಸುತ್ತಿದ್ದನಲ್ಲ, ಅವನೇ. ಬಿಯರ್ ಏರಿತ್ತು.

‘ಎಂಬತ್ತರ ಮುಷ್ಕರದಲ್ಲಿ ಗೇಟಲ್ಲಿ ಬೆಂಕಿ ಹಾಕ್ಕೊಂಡು ಕೂತಿದ್ದೋರು ಯಾರಪ್ಪ? ಯೂನಿಯನ್ ಕಾರ್ಯದರ್ಶಿಗಳು ತಾವೇ ಅಲ್ವಾ? ನಾವು ಹೊರಗೆ ಕೂತಾಗ ಜರ್ಮನಿಯೋರು ನಮ್ಮ ಗಿರಾಕೀನೆಲ್ಲ ಬಾಚ್ಕೊಂಡ್ರು’ ಎಂದನಂತೆ.

‘ಗಿರಾಕಿ ಹೋಗಿದ್ದು ಸರ್ಕಾರ ನಮ್ಮನ್ನ ಖಾಸಗಿಯೋರಿಗೆ ಮಾರಿದ್ಮೇಲೆ’ ಎಂದನಂತೆ ಮಾಲ್ಕಮ್.

‘ಸರಿ. ಯುರೋಪು ಬೇಡ ಅಂತ ವೋಟು ಹಾಕಿದ್ಯಾರು? ಪೆಲ್‌ಗೆ ಹಾಕಿದ್ಯಾರು? ನಿನ್ನ ಕೈಯೂ ಗುಂಡಿ ಮೇಲೇ ಇತ್ತು ಮಾಲ್ಕಮ್. ಮಗನ್ನ ಮಾತ್ರ ಯಾಕೆ ಬೈತೀಯ?’

‘ಹಾಕ್ದೆ. ಅವನೊಬ್ಬನೇ ನಮ್ಮ ಬಾಗಿಲು ತಟ್ಟಿದ್ದು’ ಎಂದನಂತೆ ಮಾಲ್ಕಮ್. ಆಮೇಲೆ ಕೋಟು ಹಾಕಿಕೊಳ್ಳಲು ಎದ್ದವನಿಗೆ ತೋಳು ಸಿಗಲಿಲ್ಲ. ತಡಕಾಡುತ್ತಲೇ ಕೆಳಗೆ ಬಿದ್ದ. ಆಂಬುಲೆನ್ಸ್ ಬರುವವರೆಗೂ ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು ಡೆನಿಸ್. ಈಗ ವಾರಕ್ಕೊಮ್ಮೆ ಮನೆಗೆ ಬಂದು, ಹೆಚ್ಚು ಮಾತನಾಡದೆ, ಚಹಾ ಕುಡಿದು ಹೋಗುತ್ತಾನೆ.

ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರು. ಹೊರದೇಶದವರು ತುಂಬಿಹೋದರು ಎಂದು ಗೊಣಗುತ್ತಿದ್ದವನಿಗೆ ತಿನ್ನಿಸಿದ್ದು, ತೊಳೆದದ್ದು ಎಲ್ಲ ಕೇರಳದ ನರ್ಸ್ ಜಿನ್ಸಿ. ಅವಳಿಗೆ ಈ ಕಥೆ ಹೇಳಿದೆ. ಅವಳ ಊರಿನಲ್ಲಿ ಹೆಂಚಿನ ಕಾರ್ಖಾನೆಗಳು ಮುಚ್ಚಿದವಂತೆ. ‘ಮಾಲೀಕರು ಯೂನಿಯನ್ನೋರನ್ನ ಬೈದ್ರು, ಯೂನಿಯನ್ನೋರು ಸರ್ಕಾರಾನ ಬೈದ್ರು. ನಮ್ಮಪ್ಪ ಇಬ್ರನ್ನೂ ಬೈದು, ಕೊನೆಗೆ ಅಮ್ಮನ್ನ ಹೊಡೀತಿದ್ರು’ ಎಂದಳು, ದಿಂಬಿನ ಚೀಲ ಬದಲಿಸುತ್ತಾ, ಹವಾಮಾನದ ಸುದ್ದಿ ಹೇಳುವ ಹಾಗೆ.

ಕ್ರೇಗ್ ಈಗ ಬರುವುದಿಲ್ಲ. ಕೇಳಿದವರಿಗೆ ಕೆಲಸ ಜಾಸ್ತಿ ಎನ್ನುತ್ತೇನೆ. ಮಾಲ್ಕಮ್ ಕೇಳುವುದಿಲ್ಲ, ನಾನು ಹೇಳುವುದಿಲ್ಲ. ಅಡುಗೆಮನೆಯ ಕಿಟಕಿಯಿಂದ ಕುಲುಮೆ ಕಾಣುತ್ತಿದ್ದ ಜಾಗದಲ್ಲಿ ಈಗ ಸಮುದ್ರ ಕಾಣುತ್ತದೆ. ನೆರೆಯವರು ಮನೆಯ ಬೆಲೆ ಏರುತ್ತದೆ ಎನ್ನುತ್ತಾರೆ. ನಾನು ಪರದೆ ಎಳೆದುಬಿಡುತ್ತೇನೆ.

ನೀನು ಆವತ್ತು ದೇಶ ಬಿಟ್ಟು ಹಡಗು ಹತ್ತಿದ್ದು ಒಳ್ಳೆಯದಾಯಿತೋ ಇಲ್ಲವೋ ಎಂದು ನಾನು ಲೆಕ್ಕ ಹಾಕುವುದಿಲ್ಲ, ನೀನೂ ಹಾಕಬೇಡ. ನಿನಗೂ ಮರ್ಲಿನ್‌ಗೂ ದೇವರು ಕೈಕಾಲು ಗಟ್ಟಿಯಿಟ್ಟಿರಲಿ. ನಿನ್ನ ಮಕ್ಕಳು ನಿನ್ನ ಕೂಗಳತೆಯಲ್ಲೇ ಇರಲಿ. ಬಿಸಿಲಿಗೆ ಟೋಪಿ ಹಾಕಿಕೊ.

ನಿನ್ನ ಅಕ್ಕ,
ಬೆರಿಲ್

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕ್ರಿಸ್‌ಮಸ್‌ನ ಮರುದಿನ ಮಾಲ್ಕಮ್‌ಗೆ ಮಾತು ಮರಳಿತು. ತಲೆ ಸರಿಯಿದೆಯೇ ಎಂದು ನೋಡಲು ಡಾಕ್ಟರು ಬಂದು ಒಂದೊಂದೇ ಕೇಳಿದರು. ಹೆಸರು ಸರಿಯಾಗಿ ಹೇಳಿದ. ಬೀದಿಯ ಹೆಸರು ಹೇಳಿದ. ಪ್ರಧಾನಿ ಯಾರು ಎಂದರೆ, ‘ಈ ಒಂದೇ ವರ್ಷ ಮೂವರಾದ್ರು, ಅದನ್ನ ನೆನಪಿಡೋದು ನಿಮಗೂ ಕಷ್ಟ’ ಎಂದು, ಆಮೇಲೆ ಅದನ್ನೂ ಸರಿಯಾಗಿಯೇ ಹೇಳಿದ. ಡಾಕ್ಟರು ನಕ್ಕರು. ಕ್ರೇಗ್ ಮಂಚದ ಕಾಲಿನ ಕಡೆ ನಿಂತಿದ್ದ, ದಿನಾ ಸಂಜೆ ಬಂದು ಅಲ್ಲೇ ನಿಲ್ಲುತ್ತಿದ್ದ. ‘ಮಕ್ಕಳೆಷ್ಟು?’ ಎಂದು ಕೇಳಿದರು. ಮಾಲ್ಕಮ್ ಅವನ ಮುಖವನ್ನೇ ನೋಡುತ್ತಾ, ಒಂದಕ್ಷರವೂ ತೊದಲದೆ, ‘ಮಕ್ಕಳಿಲ್ಲ’ ಎಂದ. ಕಾಯಿಲೆಯವರು ಹೀಗೆ ಏನಾದರೂ ಹೇಳುವುದುಂಟು ಎಂದು ಡಾಕ್ಟರು ನನ್ನನ್ನು ಸಮಾಧಾನ ಮಾಡಿದರು. ಉಳಿದದ್ದೆಲ್ಲ ಸರಿಯಾಗಿ ಹೇಳಿದ್ದನಲ್ಲ, ಕಾಲಿನ್. ಹೊರಗೆ ಕ್ರೇಗ್‌ನ ಹಿಂದೆ ಓಡಿದೆ. ಅವನು ನನ್ನ ಕೋಟಿನ ಗುಂಡಿ ಹಾಕಿ, ‘ಅಪ್ಪಂಗೆ ಮಾತು ಬಂತಲ್ಲಮ್ಮ, ಅಷ್ಟು ಸಾಕು ಬಿಡು’ ಎಂದು ಮೆಟ್ಟಿಲಿಳಿದು ಹೋದ.