ಕಳೆ ಬಿಟ್ಟ ಪಾತಿ

ಫೆಬ್ರವರಿ ೧೮, ಮಂಗಳವಾರ

ಎರಡು ಪಾತಿಗಳಲ್ಲಿ ಒಂದರ ಕಳೆಯನ್ನು ಬೇಕೆಂದೇ ಬಿಟ್ಟಿದ್ದೆ. ಕಳೆ ಕಿತ್ತ ಪಾತಿಯ ಬೀನ್ಸ್ ಮೊಣಕಾಲುದ್ದ ಬೆಳೆದಿದೆ, ಬಿಟ್ಟ ಪಾತಿಯದು ಗೇಣುದ್ದ. ಒಂಬತ್ತನೇ ತರಗತಿಯ ಕೃಷಿ ಪರಿಚಯಕ್ಕೆ ನನ್ನ ಬಳಿ ತೋರಿಸಲು ಇದ್ದದ್ದು ಅದೊಂದೇ. ನಾಳೆ ತಪಾಸಣೆಗೆ ಬರುವವರು ಅದನ್ನು ನೋಡಿ, ಮುಂದಿನ ವರ್ಷ ಈ ವಿಷಯ ಇರಬೇಕೋ ಬೇಡವೋ ತೀರ್ಮಾನಿಸುತ್ತಾರೆ.

ಮಧ್ಯಾಹ್ನ ಹೋಗಿ ನೋಡಿದರೆ ಎರಡೂ ಪಾತಿ ಗುಡಿಸಿಟ್ಟ ಅಂಗಳದ ಹಾಗಿದ್ದವು.

“ಬರೋರ ಮುಂದೆ ಮಾನ ಹೋಗ್ಬಾರ್ದು ಅಂತ ನಾನೇ ಕೀಳಿಸ್ದೆ ಮೇಡಂ,” ಎಂದರು ಹೆಡ್‌ಮಾಸ್ಟರು. “ನೀವು ಕಾದಂಬರಿ ಹಿಡ್ಕೊಂಡು ಕೂತ್ರೆ ಹುಲ್ಲು ಬೆಳೀದೆ ಇರತ್ತಾ?”

“ಒಳ್ಳೇದಾಯ್ತು ಸರ್,” ಎಂದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ.

ತರಗತಿಯ ಮಾತಿನಮಲ್ಲಿ ಗಿಡ್ಡ ಬೀನ್ಸ್ ಮುಂದೆ ನಿಂತಿದ್ದಳು. “ಮಿಸ್, ಕಳೆ ಇಲ್ದಿದ್ರೆ ಇವಕ್ಕೆ ನಾವು ನೀರೇ ಹಾಕಿಲ್ಲ ಅಂತಾರೆ. ಆ ಮೂಲೇಲಿ ಒಂದು ಉಳ್ಕೊಂಡಿದೆ ನೋಡಿ. ಅದನ್ನಾದ್ರೂ ತೋರಿಸೋಣ.”

ನೋಡಲು ಬಗ್ಗಿದೆ.

“ಅಯ್ಯೋ ಮಿಸ್!”

ಕಳೆ ಬೇರುಸಮೇತ ನನ್ನ ಕೈಯಲ್ಲಿತ್ತು. ವರ್ಷಗಳ ಅಭ್ಯಾಸ; ಕಣ್ಣಿಗೆ ಬಿದ್ದರೆ ಕೈ ಕಿತ್ತುಬಿಡುತ್ತದೆ. ಅವಳು ಕಿತ್ತ ಜಾಗದ ಮಣ್ಣನ್ನು ಕಾಲಿನಿಂದ ಸಮ ಮಾಡಿದಳು. ಬೈದಿದ್ದರೆ ಒಳ್ಳೆಯದಿತ್ತು.

ಊಟವಾದ ಮೇಲೆ ಆ ಅನುವಾದಿತ ಕಾದಂಬರಿಯ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಹೆಂಗಸೊಬ್ಬಳು ಹಿಮದಲ್ಲಿ ರೈಲಿಗೆ ಕಾಯುತ್ತಿದ್ದಾಳೆ. ಅವಳಿಗೆ ಚಳಿಯಾಗುತ್ತಿದೆ ಎಂದು ಬರೆದಿದೆ. ನನಗೆ ಅದೂ ತಟ್ಟುತ್ತಿಲ್ಲ.

ಕಳೆಯನ್ನು ಲೋಟದ ನೀರಿನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆಯ ಹೊತ್ತಿಗೆ ಚೇತರಿಸಿಕೊಂಡರೆ ಅದೇ ಮೂಲೆಯಲ್ಲಿ ನೆಡಬೇಕು. ಕಳೆಯನ್ನು ನೆಡುವುದು ಹೇಗೆಂದು ನನಗೆ ಯಾರೂ ಕಲಿಸಿಲ್ಲ. ಎಲೆಗಳು ಇನ್ನೂ ಜೋತುಬಿದ್ದಿವೆ.